ಒಂದೇ ಬಸ್ಸಿನಲ್ಲಿ ಕೂರುವ ಮನೆತನ

ನಮ್ಮ ಮನೆಯಲ್ಲಿ ಇದ್ದದ್ದು ಮೂರೇ ಜನ, ಆದರೆ ಸರ್‌ನೇಮ್‌ಗಳೂ ಮೂರು. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ನನ್ನ ಅಪ್ಪನ ಹೆಸರಿತ್ತು, ಗಂಡನದರಲ್ಲಿ ಅವರ ಅಪ್ಪನ ಹೆಸರು, ಮಗಳದರಲ್ಲಿ ನನ್ನ ಗಂಡನ ಹೆಸರು. ಮೈಸೂರಿನಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಅಲ್ಲಿ ನಾವೆಲ್ಲ ಹೆಸರಿನ ಜೊತೆ ಒಂದೋ ಎರಡೋ ಇನಿಷಿಯಲ್ ಇಟ್ಟುಕೊಂಡು ಹಾಯಾಗಿದ್ದವರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾಲಿ ಜಾಗ ಕಂಡಾಗ ಏಜೆಂಟ್ ಮಹಾಶಯ ನನ್ನನ್ನು ಕೇಳದೆಯೇ ಇನಿಷಿಯಲ್ಲನ್ನು ಬಿಡಿಸಿ ಅಲ್ಲಿ ಬರೆದುಬಿಟ್ಟ. ಆವತ್ತಿನಿಂದ ನಾನು ಪರದೇಶದಲ್ಲಿ ನನ್ನ ಅಪ್ಪನೇ ಆದೆ.

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಪ್ರತಿ ಸಲವೂ ಕೌಂಟರಿನವರು ಮೂರು ಪಾಸ್‌ಪೋರ್ಟ್ ತಿರುವಿಹಾಕಿ, "ಸೇಮ್ ಫ್ಯಾಮಿಲಿ ಆ?" ಎನ್ನುತ್ತಿದ್ದರು. "ಯೆಸ್ ಲಾ, ಸೇಮ್ ಫ್ಯಾಮಿಲಿ" ಎಂದು ಏಳು ವರ್ಷದ ನನ್ನ ಮಗಳು ಅಲ್ಲಿಯವರ ಇಂಗ್ಲಿಷಿನ ಧಾಟಿಯಲ್ಲೇ ನಮ್ಮೆಲ್ಲರ ಪರವಾಗಿ ಉತ್ತರ ಕೊಡುತ್ತಿದ್ದಳು. ಜುರಾಂಗ್ ಈಸ್ಟಿನಲ್ಲಿ ನಮ್ಮ ಬ್ಲಾಕಿನ ಕೆಳಗಿದ್ದ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸ್ ನನ್ನನ್ನು ಅಪ್ಪನ ಹೆಸರಿನಿಂದ ಕೂಗುತ್ತಿದ್ದಳು. ನಾನು ಸಿಂಗಪುರಕ್ಕೆ ಬರುವ ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ಕೆಮ್ಮು ನನಗೆ, ಕರೆಯುವುದು ಅವರನ್ನು. ನನಗೆ ಮೈ ಉರಿಯುತ್ತಿತ್ತು. ಎದ್ದು ಹೋಗಿ ನನ್ನ ಹೆಸರು ಇಂಥದ್ದು ಎಂದು ಎಷ್ಟೋ ಸಲ ತಿದ್ದಿದೆ. ಅವಳು ನಗುತ್ತಾ ತಲೆಯಾಡಿಸಿ ಮುಂದಿನ ಸಲ ಮತ್ತೆ ಅದನ್ನೇ ಕೂಗುತ್ತಿದ್ದಳು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಹೆಸರುಗಳ ವಿಷಯದಲ್ಲಿ ನನಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು ಎಂಬ ಜಂಬ ನನಗಿತ್ತು. ನನ್ನ ಹೊಟ್ಟೆಪಾಡೂ ಅದೇ ಆಗಿತ್ತು.

ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಒಂದು ಬ್ಯಾಂಕಿನ ಹಿಂಗೋಣೆಯಂಥ ಕಚೇರಿ. ಅಲ್ಲಿ ಗ್ರಾಹಕರ ಮುಖ ಯಾರೂ ನೋಡುವುದಿಲ್ಲ, ಬರೀ ಹೆಸರು ನೋಡುತ್ತೇವೆ. ಮೋಸ, ಕಳ್ಳಸಾಗಣೆ ಮುಂತಾದ್ದರಲ್ಲಿ ಸಿಕ್ಕಿಬಿದ್ದವರ, ತಲೆಮರೆಸಿಕೊಂಡವರ ಒಂದು ದೊಡ್ಡ ಪಟ್ಟಿಯನ್ನು ಬ್ಯಾಂಕು ಹೊರಗಿನಿಂದ ತರಿಸಿಕೊಳ್ಳುತ್ತದೆ. ಗ್ರಾಹಕರ ಹೆಸರು ಆ ಪಟ್ಟಿಯ ಯಾವುದಾದರೂ ಹೆಸರನ್ನು ಹೋಲಿದರೆ ಕಂಪ್ಯೂಟರು ಒಂದು ಅಲರ್ಟ್ ಎಬ್ಬಿಸುತ್ತದೆ. ಅದನ್ನು ತೆರೆದು, ಇವರು ಅವರೇನಾ, ಅಲ್ಲದಿದ್ದರೆ ಅವರ ಹತ್ತಿರದ ಸಂಬಂಧಿಯಾ ಎಂದು ನೋಡಿ ಬರೆದು ಮುಚ್ಚುವುದು ನಮ್ಮ ಕೆಲಸ. ಸಂಬಂಧಿಯಾಗಿರಬಹುದು ಎಂಬ ಅನುಮಾನ ಬಂದರೂ ಮೇಲಿನವರಿಗೆ ಕಳಿಸಬೇಕು.

ನಾನು ಸೇರುವ ಮುಂಚೆ ದಕ್ಷಿಣ ಭಾರತದ ಹೆಸರುಗಳು ಬಂದರೆ ಆ ಫ್ಲೋರಿನಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರಂತೆ. ನಮ್ಮ ಕಡೆಯ ಯಾರೋ ಒಬ್ಬ ಠಕ್ಕನ ಹೆಸರಿನ ಕೊನೆಯಲ್ಲಿ ಜಾತಿಯ ಹೆಸರೋ ಊರ ಹೆಸರೋ ಇದ್ದರೆ, ಅದೇ ಬಾಲ ಇರುವ ಪಾಪದವರೆಲ್ಲ ಅವನ ಚಿಕ್ಕಪ್ಪ, ದೊಡ್ಡಪ್ಪ ಆಗಿಬಿಡುತ್ತಿದ್ದರು. ನಾನು ಬಂದು ಎಲ್ಲರಿಗೂ ಪಾಠ ಮಾಡಿದೆ. ನಮ್ಮಲ್ಲಿ ಕೊನೆಯ ಹೆಸರು ಒಂದೇ ಆದರೆ ಅದಕ್ಕೆ ಏನೂ ಅರ್ಥವಿಲ್ಲ, ಇಡೀ ತಾಲ್ಲೂಕಿಗೆ ಅದೇ ಹೆಸರಿರುತ್ತದೆ. ಹೆಸರು ಬೇರೆ ಬೇರೆ ಇದ್ದರೂ ಅರ್ಥವಿಲ್ಲ, ಒಂದೇ ಮನೆಯಲ್ಲಿ ಮೂರು ಇರುತ್ತವೆ ಎಂದು. ನನ್ನ ಅಲರ್ಟುಗಳು ಸರಸರ ಮುಚ್ಚುತ್ತಿದ್ದವು. ಐವತ್ತು ದಾಟಿದ, ಯಾವಾಗಲೂ ಭುಜದ ಮೇಲೆ ಶಾಲು ಹೊದ್ದಿರುತ್ತಿದ್ದ ಚೀನೀ ಹೆಂಗಸು ನಮ್ಮ ಟೀಮ್ ಲೀಡ್. ಅವಳು ಮೀಟಿಂಗಿನಲ್ಲಿ ಎರಡು ಸಲ ನನ್ನನ್ನು ಹೊಗಳಿದ್ದಳು.

ಅದು ದೀಪಾವಳಿಗೆ ಊರಿಗೆ ಹೊರಡುವ ಹಿಂದಿನ ದಿನ. ಇಂಗ್ಲಿಷ್ ಹೆಸರುಗಳನ್ನು ನೋಡುವವಳು ರಜೆಯಲ್ಲಿದ್ದಳು, ಅವಳ ರಾಶಿಯಲ್ಲಿ ಒಂದಷ್ಟು ನನ್ನ ಪಾಲಿಗೆ ಬಂತು. ಒಂದು ಅಲರ್ಟಿನಲ್ಲಿ ಗ್ರಾಹಕರು ಸಿಂಗಪುರದಲ್ಲೇ ನೆಲೆಸಿದ್ದ ಮುದುಕರು, ಇಂಗ್ಲೆಂಡಿನವರು, ಎಂಬತ್ತರ ಹತ್ತಿರ ವಯಸ್ಸು. ಪಟ್ಟಿಯಲ್ಲಿದ್ದವನು ಐವತ್ತರ ಒಳಗಿನವನು, ಎಲ್ಲೋ ಹಡಗಿನ ಸರಕಿನ ಮೋಸದಲ್ಲಿ ಪೊಲೀಸರು ಹುಡುಕುತ್ತಿದ್ದವನು. ಮೊದಲ ಹೆಸರು ಬೇರೆ, ಸರ್‌ನೇಮ್ ಒಂದೇ. ಆ ಹೆಸರನ್ನು ಆವತ್ತೂ ಯಾರಿಗೂ ಹೇಳುವಂತಿರಲಿಲ್ಲ, ಇವತ್ತೂ ಬರೆಯುವುದಿಲ್ಲ. ಕೇಳಲು ತೀರ ಸಾದಾ ಇಂಗ್ಲಿಷ್ ಹೆಸರು. ಇಂಥವರು ಅಲ್ಲಿ ಬೀದಿಗೆ ಹತ್ತು ಜನ ಇರುತ್ತಾರೆ ಅಂದುಕೊಂಡೆ. 'ಸಾಮಾನ್ಯ ಸರ್‌ನೇಮ್' ಎಂದು ಬರೆದು, ಸಂಬಂಧ ಎಂಬ ಜಾಗದಲ್ಲಿ 'ಇಲ್ಲ' ಎಂದು ಒತ್ತಿ, ಮುಚ್ಚಿದೆ. ಒಂದು ನಿಮಿಷವೂ ಹಿಡಿದಿರಲಾರದು. ಇನ್ನೂ ಸೂಟ್‌ಕೇಸ್ ತುಂಬುವುದಿತ್ತು.

ಊರಿಂದ ಬಂದ ಎರಡನೇ ವಾರ ನಮಗೊಂದು ತರಬೇತಿ. ಕಲಿಸಲು ಬಂದವನು ನಿವೃತ್ತಿಯ ಅಂಚಿನಲ್ಲಿದ್ದ ಇಂಗ್ಲಿಷಿನವನು, ಮಾತು ನಿಧಾನ. ಊಟದ ನಂತರ ನಾವೆಲ್ಲ ತೂಕಡಿಸುತ್ತಿದ್ದಾಗ ಅವನೊಂದು ಮಾತು ಹೇಳಿದ. "ನಮ್ಮ ಕಡೆ ಕೆಲವು ಸರ್‌ನೇಮ್‌ಗಳಿವೆ. ನೋಡಲು ಸಾದಾ. ಆದರೆ ಹುಟ್ಟಿದ್ದು ಒಂದೇ ಒಂದು ಹೊಲಮನೆಯಲ್ಲಿ. ಆ ಹೊಲಮನೆಯ ಹೆಸರೇ ಅಲ್ಲಿದ್ದವರ ಹೆಸರಾಯಿತು. ಅಂಥ ಹೆಸರಿನವರು ಎಲ್ಲೇ ಸಿಗಲಿ, ಅವರೆಲ್ಲ ಒಂದೇ ರಕ್ತ. ಸಾಮಾನ್ಯ ಹೆಸರು ತಾಳೆಯಾದರೆ ಏನೂ ಅಲ್ಲ, ಅಪರೂಪದ ಹೆಸರು ತಾಳೆಯಾದರೆ ಅದು ಬೆರಳಚ್ಚಿದ್ದ ಹಾಗೆ."

ನನ್ನ ನಿದ್ದೆ ಹಾರಿಹೋಯಿತು. ಅವನು ಉದಾಹರಣೆಗೆ ಹೇಳಿದ್ದು ಬೇರೆ ಹೆಸರುಗಳನ್ನು. ಆದರೂ ನನ್ನ ಕಣ್ಣಿಗೆ ಕಂಡದ್ದು ಹೊರಡುವ ಗಡಿಬಿಡಿಯಲ್ಲಿ ನಾನು ಮುಚ್ಚಿದ ಆ ಒಂದೇ ಹೆಸರು.

ಮತ್ತೆ ತೆರೆದು ನೋಡೋಣವೆಂದರೆ ನಮ್ಮಲ್ಲಿ ಪ್ರತಿ ಕ್ಲಿಕ್ಕೂ ದಾಖಲಾಗುತ್ತದೆ. ಮುಚ್ಚಿದ ಅಲರ್ಟನ್ನು ಕಾರಣವಿಲ್ಲದೆ ತೆರೆದರೆ ಯಾಕೆ ತೆರೆದೆ ಎಂದು ಕೇಳುತ್ತಾರೆ. ಕಚೇರಿಯ ಕಂಪ್ಯೂಟರಿನಲ್ಲಿ ಹೆಸರು ಹುಡುಕುವ ಧೈರ್ಯವೂ ಆಗಲಿಲ್ಲ. ಶನಿವಾರ ಮಗಳನ್ನು ಕರೆದುಕೊಂಡು ಜುರಾಂಗ್ ಈಸ್ಟಿನ ಲೈಬ್ರರಿಗೆ ಹೋದೆ. ಅವಳನ್ನು ಮಕ್ಕಳ ಪುಸ್ತಕಗಳ ಮುಂದೆ ಕೂರಿಸಿ ನಾನು ಮೂಲೆಯ ಕಂಪ್ಯೂಟರ್ ಹಿಡಿದೆ. ಸರ್‌ನೇಮ್ ಕೊಟ್ಟರೆ ಆ ಹೆಸರಿನವರು ಎಲ್ಲೆಲ್ಲಿದ್ದಾರೆ ಎಂದು ನಕ್ಷೆಯಲ್ಲಿ ತೋರಿಸುವ ಜಾಲತಾಣಗಳಿವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅಂಥದ್ದೊಂದನ್ನು ತೆರೆದು ಹೆಸರು ಹೊಡೆದೆ.

ಇಂಗ್ಲೆಂಡಿನ ನಕ್ಷೆ ಮೂಡಿತು. ನಾನು ದೇವರಲ್ಲಿ ಬೇಡಿಕೊಂಡದ್ದು ಕೆಂಪು ಚುಕ್ಕೆಗಳನ್ನು. ದೇಶದ ತುಂಬ ಸಿಡುಬು ಎದ್ದ ಹಾಗೆ ಕೆಂಪಾಗಿರಲಿ, ಊರೂರಿಗೂ ಈ ಹೆಸರಿನವರಿರಲಿ ಎಂದು. ನಕ್ಷೆಯೆಲ್ಲ ಬೆಳ್ಳಗಿತ್ತು. ಉತ್ತರದ ಒಂದು ಕಣಿವೆಯಲ್ಲಿ ಮಾತ್ರ ಬೆರಳುಗುರಿನಷ್ಟು ಗಾಢ ಕೆಂಪು. ಪಶ್ಚಿಮದ ಬಂದರೊಂದರಲ್ಲಿ ಒಂದು ಮಸುಕು ಚುಕ್ಕೆ. ಅಷ್ಟೇ.

ಇನ್ನೂ ಓದಿದೆ. ಆ ಮನೆತನದ ಯಾರೋ ಒಬ್ಬರು ಬಿಡುವಿನಲ್ಲಿ ಕೂತು ಎಲ್ಲವನ್ನೂ ಬರೆದಿಟ್ಟಿದ್ದರು. ಹೆಸರಿನ ಅರ್ಥ ಹಳ್ಳದ ದಂಡೆಯ ಕುರಿದೊಡ್ಡಿ ಎಂದಂತೆ. ಗುಡ್ಡದ ಮೇಲಿನ ಒಂದು ಕುರಿದೊಡ್ಡಿ, ಪಕ್ಕದಲ್ಲಿ ಒಂದು ಕಲ್ಲಿನ ಮನೆ. ಚರ್ಚಿನ ಹಳೆಯ ಪುಸ್ತಕಗಳಲ್ಲಿ ಆ ಮನೆಯವರ ನಾಮಕರಣ, ಮದುವೆ, ಸಾವು ಸಾಲಾಗಿ ಸಿಗುತ್ತವೆ. ಗಂಡುಮಕ್ಕಳು ಬದುಕಿದ್ದು ಕಡಿಮೆ, ಹಾಗಾಗಿ ಹೆಸರು ಹರಡಲೇ ಇಲ್ಲ. ಒಂದಿಬ್ಬರು ಬಂದರಿಗೆ ಹೋಗಿ ಹಡಗು ಸೇರಿದರು. ಆಮೇಲೆ ಪೇಟೆಗೆ ಕುಡಿಯುವ ನೀರಿಗಾಗಿ ಕಣಿವೆಗೆ ಅಣೆಕಟ್ಟು ಕಟ್ಟಿ ಕುರಿದೊಡ್ಡಿ, ಮನೆ ಎರಡೂ ನೀರಿನಡಿ ಹೋದವು. ಈಗ ಲೋಕದಲ್ಲಿ ಈ ಹೆಸರಿನವರನ್ನೆಲ್ಲ ಸೇರಿಸಿದರೆ ಒಂದು ಬಸ್ಸು ತುಂಬಬಹುದು ಎಂದು ಬರೆದವರು ನಗೆಯಾಡಿದ್ದರು. ಕೆಳಗೆ ಲೈಬ್ರರಿಯ ಹೊರಗೆ ನಮ್ಮ ಇಂಟರ್‌ಚೇಂಜ್ ನಿಲ್ದಾಣದ ಬಸ್ಸುಗಳು ಸಾಲಾಗಿ ನಿಂತದ್ದು ಕಾಣುತ್ತಿತ್ತು. ಒಂದೇ ಬಸ್ಸು. ಅದರಲ್ಲಿ ಇಬ್ಬರು ನನ್ನ ಪರದೆಯ ಮೇಲೆ ಅಕ್ಕಪಕ್ಕ ಕೂತಿದ್ದರು, ನಾನು ಅವರಿಗೆ ಸಂಬಂಧವಿಲ್ಲ ಎಂದು ಬರೆದುಕೊಟ್ಟಿದ್ದೆ.

ಊರ ಹೆಸರು ಮನುಷ್ಯರ ಹೆಸರಾಗುವುದು ನಮ್ಮಲ್ಲೂ ಇದೆ, ಅದೇ ನನಗೆ ಮುಳುವಾಯಿತು. ನಮ್ಮ ಊರುಗಳಲ್ಲಿ ಸಾವಿರ ಮನೆ, ಅವರ ಆ ಊರಿನಲ್ಲಿ ಒಂದೇ ಮನೆ. ಈ ವ್ಯತ್ಯಾಸ ನನ್ನ ಜಂಬದ ತಲೆಗೆ ಹೊಳೆದಿರಲಿಲ್ಲ.

"ಅಮ್ಮಾ, ವೈ ಯು ಸ್ವೆಟಿಂಗ್? ಏಸಿ ಸೋ ಕೋಲ್ಡ್ ಲಾ" ಎಂದು ಮಗಳು ಬಂದು ನನ್ನ ಕೈ ಹಿಡಿದಳು. ಲೈಬ್ರರಿಯ ಆ ಚಳಿಯಲ್ಲಿ ನಾನು ಬೆವರಿ ಒದ್ದೆಯಾಗಿದ್ದೆ.

ಆ ಸಂಜೆ ಗಂಡನಿಗೆ ಹೆಸರೊಂದನ್ನು ಬಿಟ್ಟು ಎಲ್ಲ ಹೇಳಿದೆ. ನಮ್ಮ ಪರಿಸ್ಥಿತಿ ಹೀಗಿತ್ತು: ಅವರ ಕಂಪನಿ ಬಾಗಿಲು ಹಾಕಿ ನಾಲ್ಕು ತಿಂಗಳಾಗಿತ್ತು, ಅವರೂ ಮಗಳೂ ಸಿಂಗಪುರದಲ್ಲಿ ಇದ್ದದ್ದು ನನ್ನ ಕೆಲಸದ ಪಾಸಿನ ಆಧಾರದ ಮೇಲೆ. ನನ್ನ ಕೆಲಸ ಹೋದರೆ ಪಾಸು ರದ್ದು. ಪಾಸು ರದ್ದಾದರೆ ಮೂವತ್ತು ದಿನದಲ್ಲಿ ಮೂವರೂ ಗಂಟುಮೂಟೆ ಕಟ್ಟಬೇಕು. ಮಗಳಿಗೆ ಕಷ್ಟಪಟ್ಟು ಸಿಕ್ಕಿದ್ದ ಶಾಲೆಯೂ ಹೋಗುತ್ತದೆ.

"ಯಾರು ನೋಡ್ತಾರೆ ಬಿಡೇ" ಎಂದರು ಅವರು. ದನಿಯಲ್ಲಿ ಧೈರ್ಯವಿರಲಿಲ್ಲ.

"ತಿಂಗಳಿಗೊಂದ್ಸಲ ಕ್ವಾಲಿಟಿಯವರು ಸ್ಯಾಂಪಲ್ ತೆಗೀತಾರೆ ರೀ. ಮುಚ್ಚಿರೋದ್ರಲ್ಲಿ ಕೆಲವನ್ನ ಎತ್ತಿ ಚೆಕ್ ಮಾಡ್ತಾರೆ."

"ಅದ್ರಲ್ಲಿ ನಿಂದೇ ಬರ್ಬೇಕಾ? ಸುಮ್ನಿರು. ನೀನಾಗೇ ಹೋಗಿ ಬಾಯಿ ಬಿಡ್ಬೇಡ, ಪ್ಲೀಸ್. ಒಂದೆರಡು ಇಂಟರ್ವ್ಯೂ ಇದೆ, ನಂಗೊಂದು ಕೆಲ್ಸ ಫಿಕ್ಸ್ ಆಗ್ಲಿ."

"ಅವ್ರಿಬ್ರೂ ನಿಜವಾಗ್ಲೂ ಅಪ್ಪ ಮಗನೋ ಏನೋ ಆಗಿದ್ರೆ?"

"ಆಗಿರ್ಲಿಕ್ಕಿಲ್ಲ ಬಿಡು. ಹಾಗೇ ಅಂದ್ಕೋ."

ಹಾಗೇ ಅಂದುಕೊಂಡೆ. ಅಂದುಕೊಳ್ಳುವುದೇನು, ಹರಕೆ ಹೊತ್ತೆ. ಬೆಳಿಗ್ಗೆ ಜುರಾಂಗಿನಲ್ಲಿ ರೈಲು ಹತ್ತಿ ತಾನಾ ಮೆರಾದಲ್ಲಿ ಬದಲಿಸಿ ಕಚೇರಿಯ ಹತ್ತಿರದ ಎಕ್ಸ್‌ಪೋದಲ್ಲಿ ಇಳಿಯುವವರೆಗೂ, ಒಂದು ಗಂಟೆಗೂ ಮಿಕ್ಕಿ, ನನ್ನದು ಒಂದೇ ಜಪ. ಆ ಮುದುಕನಿಗೆ ಯಾರೂ ಇಲ್ಲದಿರಲಿ. ಅವನಿಗೆ ಮಗನಿಲ್ಲ, ತಮ್ಮನಿಲ್ಲ, ಹಿಂದೆಮುಂದೆ ಯಾರೂ ಇಲ್ಲ ಎಂದಾಗಲಿ. ಮುಖ ಕಾಣದ ಒಬ್ಬ ಎಂಬತ್ತರ ಮನುಷ್ಯ ಅನಾಥನಾಗಿರಲಿ ಎಂದು ನಾನು ಚಾಮುಂಡಿಗೆ ಹಣ್ಣುಕಾಯಿ ಹೇಳಿಕೊಂಡವಳು. ಬರೆಯುವಾಗ ನಾಚಿಕೆಯಾಗುತ್ತದೆ. ಆಗ ನಾಚಿಕೆಗೆ ಜಾಗವಿರಲಿಲ್ಲ, ಮೈತುಂಬ ಹೆದರಿಕೆಯೇ ಇತ್ತು.

ಸ್ಯಾಂಪಲ್ ತೆಗೆಯುವ ಸೋಮವಾರ ಬಂತು. ಪಟ್ಟಿ ಇಮೇಲಿನಲ್ಲಿ ಬಂದಾಗ ತೆರೆಯಲಾಗದೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ. ನನ್ನವು ಆರು ಅಲರ್ಟ್ ಆರಿಸಿದ್ದರು. ಆರೂ ನಮ್ಮ ಕಡೆಯ ಹೆಸರುಗಳೇ, ಆರೂ ಸರಿ ಇದ್ದವು. ಗಂಡನಿಗೆ 'ಇಲ್ಲ' ಎಂದು ಮೆಸೇಜ್ ಮಾಡಿದೆ, ಅವರು ಲಾಡುವಿನ ಚಿತ್ರ ಕಳಿಸಿದರು.

ಹೆದರಿಕೆ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮುಂದಿನ ತಿಂಗಳು ಇದೆ, ಅದರ ಮುಂದಿನದಿದೆ. ಅದಕ್ಕಿಂತ ಹೆಚ್ಚಾಗಿ, ನನಗೆ ಯಾವ ಅಲರ್ಟನ್ನೂ ಮುಚ್ಚಲು ಆಗುತ್ತಿರಲಿಲ್ಲ. ಮೊದಲು ಕಣ್ಣುಮುಚ್ಚಿ ಬಿಡಿಸುತ್ತಿದ್ದ ನಮ್ಮೂರ ಹೆಸರುಗಳೂ ಈಗ ಗುರುಗುಟ್ಟಿ ನೋಡುತ್ತಿದ್ದವು. ಇವರು ಅಣ್ಣತಮ್ಮಂದಿರಾಗಿದ್ದರೆ? ಇವಳು ಅವನ ಹೆಂಡತಿಯಾಗಿದ್ದರೆ? ಒಂದೊಂದನ್ನೂ ಹತ್ತು ಸಲ ನೋಡಿ ಹಾಗೇ ಬಿಡುತ್ತಿದ್ದೆ. ನನ್ನ ರಾಶಿ ಬೆಳೆಯಿತು. ಫ್ಲೋರಿನಲ್ಲಿ ಎಲ್ಲರ ಸಂಖ್ಯೆ ತೋರಿಸುವ ದೊಡ್ಡ ಪರದೆಯಲ್ಲಿ ನನ್ನ ಸಾಲು ಕೆಂಪಾಯಿತು.

ಸಾಲು ಕೆಂಪಾದ ಮೂರನೇ ದಿನ ಟೀಮ್ ಲೀಡ್ ಶಾಲು ಸರಿಪಡಿಸಿಕೊಳ್ಳುತ್ತಾ ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. "ಯು ಸಿಕ್ ಆ?" ಎಂದಳು. ಅವಳು ಗದರಿದ್ದರೆ ನಾನು ಏನಾದರೂ ಸುಳ್ಳು ಹೇಳಿ ಜಾರಿಕೊಳ್ಳುತ್ತಿದ್ದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ನನಗೆ ಅಳು ಬಂತು. ಗಂಡನ ಮಾತು, ಮೂವತ್ತು ದಿನ, ಮಗಳ ಶಾಲೆ ಎಲ್ಲ ನೆನಪಿದ್ದೂ ಬಾಯಿ ತಾನಾಗಿ ತೆರೆದುಕೊಂಡಿತು. ಮೀಟಿಂಗ್ ರೂಮಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಲೈಬ್ರರಿಯ ನಕ್ಷೆಯನ್ನೂ ನೀರಿನಡಿ ಹೋದ ಕುರಿದೊಡ್ಡಿಯನ್ನೂ.

ಅವಳು ಆ ಅಲರ್ಟಿನ ನಂಬರು ಕೇಳಿ ಬರೆದುಕೊಂಡಳು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಸಾಮಾನು ಕಟ್ಟಿ ಮುಗಿಸಿದೆ. ಆಮೇಲೆ ಅವಳು ಹೇಳಿದ್ದು ಇಷ್ಟು. "ಈಗಲೇ ತೆರೆ. ನನಗೆ ಹೇಳಿದ್ದನ್ನೇ ಬರೆ. ನೀನಾಗಿ ತೆರೆದರೆ ಅದು ಬರೀ ತಪ್ಪು. ಬೇರೆಯವರು ತೆರೆದರೆ ಅದು ಮುಚ್ಚಿಟ್ಟದ್ದು."

ತೆರೆದೆ. ಮೊದಲ ಸಲ ಸರಿಯಾಗಿ ಓದಿದೆ. ಇಬ್ಬರ ಹುಟ್ಟೂರಿನ ಜಾಗದಲ್ಲೂ ಆ ಕಣಿವೆಯ ಪೇಟೆಯೇ ಇತ್ತು. ಆವತ್ತು ನಾನು ಅಷ್ಟು ಕೆಳಗೆ ಓದಿರಲೇ ಇಲ್ಲ.

ಬ್ರಾಂಚಿನಿಂದ ಮುದುಕರಿಗೆ ಪತ್ರ ಹೋಯಿತು. ಇಂಥ ಹೆಸರಿನ ವ್ಯಕ್ತಿಗೂ ನಿಮಗೂ ಸಂಬಂಧವಿದ್ದರೆ ತಿಳಿಸಿ ಎಂಬ ಮಾಮೂಲಿ ಒಕ್ಕಣೆ, ಪಟ್ಟಿಯ ಸುದ್ದಿ ಅದರಲ್ಲಿರಲಿಲ್ಲ. ಉತ್ತರಕ್ಕೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಮನೆಯಲ್ಲಿ ಗಂಡ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ, ಅವರು ಹಾಗೇ ಉಂಡು ಎದ್ದರು. ಸಂಬಂಧವಿಲ್ಲ ಎಂದು ಉತ್ತರ ಬಂದರೆ ನನ್ನ ಮೊದಲ ಬರಹವೇ ಸರಿಯಾಗುತ್ತದೆ, ಬರೀ ಅವಸರದ ತಪ್ಪು ಎಂದಾಗುತ್ತದೆ. ಹಾಗಾಗಿ ಹರಕೆ ಹಾಗೇ ಮುಂದುವರಿದಿತ್ತು.

ಹತ್ತನೇ ದಿನ ಸ್ಕ್ಯಾನ್ ಮಾಡಿದ ಕಾಗದ ನನ್ನ ಪರದೆಗೆ ಬಂತು. ನೀಲಿ ಶಾಯಿ, ನಡುಗುವ ಅಕ್ಷರ. ಅವನು ನನ್ನ ಮಗ ಎಂದು ಬರೆದಿದ್ದರು. ಜಗಳವಾಡಿ ಹೋದ, ಹೋಗಿ ಹನ್ನೊಂದು ವರ್ಷವಾಯಿತು, ಒಂದು ಸುದ್ದಿಯೂ ಇಲ್ಲ. ಅವನ ತಾಯಿ ಅವನ ದಾರಿ ಕಾಯುತ್ತಲೇ ತೀರಿಕೊಂಡಳು. ನೀವಾಗಿ ಅವನ ಹೆಸರು ಹಿಡಿದು ಕೇಳಿದ್ದೀರಿ ಎಂದರೆ ನಿಮಗೇನೋ ಗೊತ್ತಿರಬೇಕು. ಅವನು ಏನು ಮಾಡಿದ್ದಾನೆ ಎಂದು ನಾನು ಕೇಳುವುದಿಲ್ಲ. ಬದುಕಿದ್ದಾನೆಯೇ ಎಂದಷ್ಟೇ ತಿಳಿಸಿ.

ಉತ್ತರ ನನ್ನ ಪರದೆಯ ಮೇಲೆಯೇ ಇತ್ತು. ಪಟ್ಟಿಯಲ್ಲಿರುವವರು ಸತ್ತರೆ ಹೆಸರಿನ ಮುಂದೆ ಹಾಗೆಂದು ಬರುತ್ತದೆ. ಮಗನ ಹೆಸರಿನ ಮುಂದೆ ಹಾಗೆ ಬಂದಿರಲಿಲ್ಲ. ಅವನನ್ನು ಎರಡು ತಿಂಗಳ ಹಿಂದೆ ಯಾವುದೋ ಬಂದರಿನಲ್ಲಿ ಕಂಡದ್ದಾಗಿ ಹೊಸ ಟಿಪ್ಪಣಿ ಇತ್ತು. ಒಂದು ಮಾತು ಸಾಕಿತ್ತು. ಆದರೆ ಪಟ್ಟಿಯಲ್ಲಿರುವುದನ್ನು ಹೊರಗೆ ಹೇಳುವುದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ. ಅದಕ್ಕೆ ಎಚ್ಚರಿಕೆಪತ್ರವಲ್ಲ, ಪೊಲೀಸರು.

ಸಂಬಂಧ ಎಂಬ ಜಾಗದಲ್ಲಿ 'ಇಲ್ಲ' ಎಂಬುದನ್ನು ತೆಗೆದು 'ತಂದೆ' ಎಂದು ಆರಿಸಿದೆ. ಮುದುಕರಿಗೆ ಕಳಿಸುವ ಉತ್ತರವನ್ನೂ ನನಗೇ ಸಿದ್ಧಮಾಡಲು ಹೇಳಿದರು. ಅದು ಮೊದಲೇ ಅಚ್ಚಾಗಿರುವ ನಾಲ್ಕು ಸಾಲು: ನಿಮ್ಮ ಸಹಕಾರಕ್ಕೆ ವಂದನೆಗಳು, ಈ ವಿಷಯದಲ್ಲಿ ಹೆಚ್ಚಿಗೆ ಏನನ್ನೂ ತಿಳಿಸಲಾಗುವುದಿಲ್ಲ. ನಾಲ್ಕನೇ ಸಾಲಿನ ಕೆಳಗೆ ಕರ್ಸರ್ ಮಿನುಗುತ್ತಾ ನಿಂತಿತ್ತು. ಅಲ್ಲಿ ಎರಡು ಪದ ಸೇರಿಸುವುದು ನನ್ನ ಕೈಯಲ್ಲಿತ್ತು. ನಾನು ಸೇರಿಸಲಿಲ್ಲ. ನನಗೆ ಹೆದರಿಕೆಯಾಯಿತು. ಇದಕ್ಕೆ ಬೇರೆ ದೊಡ್ಡ ಕಾರಣ ಹೇಳಲು ನನ್ನಲ್ಲಿ ಏನೂ ಇಲ್ಲ.

ನನಗೆ ಒಂದು ಎಚ್ಚರಿಕೆಪತ್ರ ಕೊಟ್ಟು ಬಿಟ್ಟರು. ಪಾಸು ಉಳಿಯಿತು, ಶಾಲೆ ಉಳಿಯಿತು. "ಬಚಾವಾದ್ವಿ ಕಣೇ" ಎಂದು ಗಂಡ ಆ ಸಂಜೆ ಹಾಕರ್ ಸೆಂಟರಿನ ತಿಂಡಿ ಅಂಗಡಿಯಿಂದ ಮಗಳಿಗೆ ಇಷ್ಟವಾದ ರೋಟಿ ಪ್ರಾಟಾ ಎಂಬ ಪರೋಟ ತಂದರು. ನಾನೂ ತಿಂದೆ.

ಅದಾಗಿ ಒಂದು ವಾರಕ್ಕೆ ನನಗೆ ಜ್ವರ ಬಂತು. ಕ್ಲಿನಿಕ್ಕಿನಲ್ಲಿ ತಲೆ ಹಿಡಿದುಕೊಂಡು ಕೂತಿದ್ದೆ. ಮುದುಕರಿಗೆ ಆ ನಾಲ್ಕು ಸಾಲು ಇಷ್ಟು ಹೊತ್ತಿಗೆ ಸೇರಿರಬೇಕು, ತಿರುಗಿಸಿ ಹಿಂಭಾಗದಲ್ಲೂ ಏನಾದರೂ ಬರೆದಿದೆಯೇ ಎಂದು ನೋಡಿರಬೇಕು ಎಂದು ಯೋಚಿಸುತ್ತಿದ್ದೆ. ಆಗ ನರ್ಸ್ ಎಂದಿನಂತೆ ಅಪ್ಪನ ಹೆಸರು ಕೂಗಿದಳು.

ನಾನು ಏಳಲಿಲ್ಲ. ತಿದ್ದಲೂ ಇಲ್ಲ. ತಿರುಗಿ ಬಾಗಿಲ ಕಡೆ ನೋಡಿದೆ. ಅವಳು ಇನ್ನೊಂದು ಸಲ ಕೂಗುವವರೆಗೂ ಅತ್ತಲೇ ನೋಡುತ್ತಿದ್ದೆ.